ಎರಡೂ ಕಡ್ಡಾಯ ಅಂದರೆ ಎರಡು ಗ್ರೂಪ್

ಕಂಪನಿಗಳು ಆರ್ಡರ್ ನಿಭಾಯಿಸಲು ಬಳಸುವ ಒರಾಕಲ್ ಫ್ಯೂಷನ್‌ನ ಆರ್ಡರ್ ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನಲ್ಲಿ ಕಸ್ಟಮ್ ಫೀಲ್ಡ್ ಸೇರಿಸುವುದು ಈಗ ಯಾರಿಗೂ ಕಷ್ಟವಲ್ಲ. ಎಕ್ಸ್‌ಟೆನ್ಸಿಬಲ್ ಫ್ಲೆಕ್ಸ್‌ಫೀಲ್ಡ್ (ನಮಗೆ ಬೇಕಾದ ಫೀಲ್ಡ್ ಸೇರಿಸಲು ಒರಾಕಲ್ ಕೊಡುವ ಸೌಲಭ್ಯ) ಮಾಡಿ, ಡಿಪ್ಲಾಯ್ ಮಾಡಿ, ಮುಗಿಸುತ್ತಾರೆ. ಎಡವುವುದು ಆಮೇಲೆ, ಆ ಫೀಲ್ಡ್‌ಗಳಿಗೆ ಪ್ರೊಸೆಸಿಂಗ್ ಕನ್‌ಸ್ಟ್ರೇಂಟ್, ಅಂದರೆ ಆರ್ಡರನ್ನು ತಡೆಯುವ ನಿಯಮ, ಹಾಕುವಾಗ. ಕಂಪನಿ ಯಾವುದೇ ಇರಲಿ, ಎಡವುವ ಜಾಗ ಮಾತ್ರ ಅದೇ.

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಒಂದು ಕಂಪನಿಯ ಉದಾಹರಣೆ ಕೊಡುತ್ತೇನೆ. ಆರ್ಡರ್ ಲೈನ್‌ನಲ್ಲಿ (ಆರ್ಡರ್‌ನ ಒಂದೊಂದು ಐಟಂನ ಸಾಲು) ಅವರಿಗೆ ಎರಡು ಫೀಲ್ಡ್ ಬೇಕಿತ್ತು: ಡ್ರಾಯಿಂಗ್ ರಿವಿಜನ್ (ಡ್ರಾಯಿಂಗ್‌ನ ಎಷ್ಟನೇ ಆವೃತ್ತಿ ಅನ್ನುವುದು) ಮತ್ತು ಇನ್‌ಸ್ಪೆಕ್ಷನ್ ಏಜೆನ್ಸಿ. ಎರಡೂ ತುಂಬದೆ ಆರ್ಡರ್ ಸಬ್‌ಮಿಟ್ ಆಗಬಾರದು. ನ್ಯಾಯವಾದ ಬೇಡಿಕೆಯೇ. ರಿವಿಜನ್ ಗೊತ್ತಿಲ್ಲದೆ ಶಾಪ್ ಫ್ಲೋರ್‌ನವರು ಹಳೇ ಡ್ರಾಯಿಂಗ್ ನೋಡಿ ತೂತು ಕೊರೆದರೆ ಇಡೀ ಲಾಟ್ ಗುಜರಿಗೆ ಹೋಗುತ್ತದೆ.

ಅವರ ಐಟಿ ಹುಡುಗ ಎರಡು ಕಂಡೀಷನ್ ಬರೆದಿದ್ದ. ರಿವಿಜನ್ ಖಾಲಿ, ಏಜೆನ್ಸಿ ಖಾಲಿ. 'ಎರಡೂ ಬೇಕಲ್ವಾ ಸಾರ್' ಅಂತ ಎರಡಕ್ಕೂ ಒಂದೇ ಗ್ರೂಪ್ ನಂಬರ್ ಕೊಟ್ಟಿದ್ದ. ತಪ್ಪಾಗಿದ್ದು ಇಲ್ಲೇ.

ಒಂದೇ ಗ್ರೂಪ್ ನಂಬರ್ ಇದ್ದರೆ ಆ ಕಂಡೀಷನ್‌ಗಳೆಲ್ಲ ಒಟ್ಟಿಗೆ ನಿಜವಾಗಬೇಕು. ಬೇರೆ ಬೇರೆ ನಂಬರ್ ಇದ್ದರೆ ಯಾವುದಾದರೂ ಒಂದು ಗ್ರೂಪ್ ನಿಜವಾದರೂ ಸಾಕು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕನ್‌ಸ್ಟ್ರೇಂಟ್‌ನಲ್ಲಿ ನೀವು ಬರೆಯುವುದು ಆರ್ಡರ್ ಯಾವಾಗ ನಿಲ್ಲಬೇಕು ಅನ್ನುವುದನ್ನು, ಯಾವಾಗ ಹೋಗಬೇಕು ಅನ್ನುವುದನ್ನಲ್ಲ. ಹೋಗುವುದಕ್ಕೆ ಎರಡೂ ಬೇಕು ಅಂದರೆ, ನಿಲ್ಲಿಸುವುದಕ್ಕೆ ಒಂದು ಖಾಲಿ ಇದ್ದರೂ ಸಾಕು. ಹಾಗಾಗಿ ರಿವಿಜನ್‌ಗೆ 10, ಏಜೆನ್ಸಿಗೆ 20 ಅಂತ ಬೇರೆ ಬೇರೆ ಗ್ರೂಪ್ ಕೊಡಬೇಕು. ಮೆಸೇಜನ್ನೂ ಆಗ ಬೇರೆ ಬೇರೆ ಬರೆಯಬಹುದು, ಯಾವ ಫೀಲ್ಡ್ ಖಾಲಿ ಅಂತ ಆರ್ಡರ್ ಹಾಕುವವರಿಗೆ ನೇರವಾಗಿ ತಿಳಿಯುತ್ತದೆ.

ಈ ತಪ್ಪು ಟೆಸ್ಟಿಂಗ್‌ನಲ್ಲಿ ಸಿಕ್ಕಿಬೀಳುವುದಿಲ್ಲ. ನನಗೆ ಜಾಸ್ತಿ ಬೇಜಾರು ಅದೇ. ಎರಡೂ ತುಂಬಿ ನೋಡುತ್ತಾರೆ, ಆರ್ಡರ್ ಹೋಗುತ್ತದೆ. ಎರಡೂ ಖಾಲಿ ಬಿಟ್ಟು ನೋಡುತ್ತಾರೆ, ಆರ್ಡರ್ ನಿಲ್ಲುತ್ತದೆ. ಸೈನ್ ಆಫ್ ಆಗಿಯೇಬಿಡುತ್ತದೆ. ರಿವಿಜನ್ ಮಾತ್ರ ತುಂಬಿ ಒಂದು ಆರ್ಡರ್, ಏಜೆನ್ಸಿ ಮಾತ್ರ ತುಂಬಿ ಇನ್ನೊಂದು ಹಾಕಿ ನೋಡಿ. ತಪ್ಪಿದ್ದರೆ ಈ ಎರಡೂ ಆರಾಮಾಗಿ ಪಾಸಾಗುತ್ತವೆ. ದಯವಿಟ್ಟು ನಾಲ್ಕೂ ಆರ್ಡರ್ ಹಾಕಿ ನೋಡಿ. ಹೆಚ್ಚೆಂದರೆ ಹತ್ತು ನಿಮಿಷದ ಕೆಲಸ.

ತಿದ್ದಿದ ಮೇಲೆ ಜನರೇಟ್ ಪ್ಯಾಕೇಜಸ್ ಬಟನ್ ಒತ್ತುವುದನ್ನು ಮರೆಯಬೇಡಿ. ಒತ್ತದಿದ್ದರೆ ತಿದ್ದಿದ್ದು ಜಾರಿಗೆ ಬಾರದೇ ಇರಬಹುದು. ಬೇರೆ ಸಿಸ್ಟಮ್‌ನಿಂದ ಇಂಪೋರ್ಟ್ ಆಗುವ ಆರ್ಡರ್‌ಗಳಿದ್ದರೆ ಅವನ್ನೂ ಟೆಸ್ಟ್ ಎನ್ವಿರಾನ್‌ಮೆಂಟ್‌ನಲ್ಲೇ ಹಾಯಿಸಿ ನೋಡಿ. ಅವೂ ಇದೇ ಕನ್‌ಸ್ಟ್ರೇಂಟ್‌ಗೆ ಸಿಕ್ಕಿ ನಿಲ್ಲಬಹುದು. ನಿಮ್ಮ ಸೆಟಪ್ ನೋಡದೆ ಇದಕ್ಕಿಂತ ಖಚಿತವಾಗಿ ಹೇಳಲಾರೆ.

ಇನ್ನೊಂದು ಮಾತು. ಖಾಲಿ ಇದೆಯೋ ಇಲ್ಲವೋ ಅನ್ನುವುದನ್ನಷ್ಟೇ ಈ ಕಂಡೀಷನ್ ನೋಡುತ್ತದೆ. ಸೇಲ್ಸ್ ಕೋ-ಆರ್ಡಿನೇಟರ್ ಒಂದು ಚುಕ್ಕಿ ಒತ್ತಿದರೂ ಅದಕ್ಕೆ ಅದು ತುಂಬಿದ ಫೀಲ್ಡೇ. ಅವರನ್ನು ಬೈಯಬೇಡಿ. ಒಂದು ಕಿವಿಗೆ ಫೋನ್ ಅಂಟಿಸಿಕೊಂಡೇ ಲೈನ್ ಮೇಲೆ ಲೈನ್ ಹಾಕುತ್ತಿರುತ್ತಾರೆ. ಏಜೆನ್ಸಿಗಳ ಪಟ್ಟಿಯನ್ನು ವ್ಯಾಲ್ಯೂ ಸೆಟ್‌ನಲ್ಲಿ (ಫೀಲ್ಡ್‌ನಲ್ಲಿ ಆರಿಸಬಹುದಾದ ಮೌಲ್ಯಗಳ ಪಟ್ಟಿ) ಕೊಟ್ಟುಬಿಡಿ, ಟೈಪ್ ಮಾಡುವ ಅವಕಾಶವೇ ಇರದಿರಲಿ.

ಆ ಕಂಪನಿಯವರು ಇಷ್ಟಾದ ಮೇಲೆ 'ಎಕ್ಸ್‌ಪೋರ್ಟ್ ಆರ್ಡರ್‌ಗೆ ಮಾತ್ರ ಕಡ್ಡಾಯ ಮಾಡಿಕೊಡಿ' ಅಂದರು. ಎಲ್ಲರೂ ಕೊನೆಗೆ ಕೇಳುವುದು ಇದನ್ನೇ. ಆಗ ಗ್ರೂಪ್ 10ರಲ್ಲಿ ಎಕ್ಸ್‌ಪೋರ್ಟ್ ಮತ್ತು ರಿವಿಜನ್ ಖಾಲಿ, ಗ್ರೂಪ್ 20ರಲ್ಲಿ ಎಕ್ಸ್‌ಪೋರ್ಟ್ ಮತ್ತು ಏಜೆನ್ಸಿ ಖಾಲಿ. ಎಕ್ಸ್‌ಪೋರ್ಟ್ ಅನ್ನುವ ಸಾಲು ಎರಡೂ ಕಡೆ ಬರಲೇಬೇಕು. ಒಮ್ಮೆ ಬರೆದರೆ ಸಾಕು ಅಂತ ಅದನ್ನೇ 30 ಅಂತ ಬೇರೆ ಗ್ರೂಪ್ ಮಾಡಿದರೆ, ಎಲ್ಲ ತುಂಬಿದ್ದರೂ ಒಂದೇ ಒಂದು ಎಕ್ಸ್‌ಪೋರ್ಟ್ ಆರ್ಡರ್ ಸಬ್‌ಮಿಟ್ ಆಗುವುದಿಲ್ಲ.