ಬಿ.ಆರ್ಕ್ ಸೇರಿದ ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸಲಿ?

ಪ್ರಶ್ನೆ: ಮಗಳು ಈ ವರ್ಷ ಬಿ.ಆರ್ಕ್‌ಗೆ, ಅಂದರೆ ಆರ್ಕಿಟೆಕ್ಚರ್ ಪದವಿಗೆ, ಸೇರಿದ್ದಾಳೆ. ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು ಅಂತಾರೆ. ಅವಳ ಗೆಳತಿಯರ ಹತ್ತಿರ ಮ್ಯಾಕ್‌ಬುಕ್ ಇದೆ. ಯಾವುದು ತಗೊಳ್ಳೋದು?

ಉತ್ತರ: ಅಂಗಡಿಗೆ ಹೋಗುವ ಮುಂಚೆ ಮಗಳ ಕೈಲಿ ಕಾಲೇಜಿನ ಸೀನಿಯರ್‌ಗಳನ್ನು ಒಂದು ಮಾತು ಕೇಳಿಸಿ: ಅಲ್ಲಿ ರೆವಿಟ್ (ಕಟ್ಟಡದ ತ್ರೀಡಿ ಮಾಡೆಲ್ ಕಟ್ಟುವ ಸಾಫ್ಟ್‌ವೇರ್) ಕಲಿಸ್ತಾರಾ? ಹೌದು ಅಂದರೆ ಮ್ಯಾಕ್‌ಬುಕ್ ಮಾತು ಅಲ್ಲಿಗೇ ಮುಗಿಯಿತು. ರೆವಿಟ್ ಇರುವುದು ವಿಂಡೋಸ್‌ಗೆ ಮಾತ್ರ. ಪ್ಲಾನ್, ಮಾಡೆಲ್ ಮಾಡುವ ಬೇರೆ ಸಾಫ್ಟ್‌ವೇರ್‌ಗಳಾದ ಆಟೊಕ್ಯಾಡ್, ಸ್ಕೆಚಪ್, ರೈನೊ, ಆರ್ಕಿಕ್ಯಾಡ್ ಮ್ಯಾಕ್‌ನಲ್ಲೂ ಓಡುತ್ತವೆ ನಿಜ. ಆದರೆ ರೆವಿಟ್ ಮತ್ತು ಲ್ಯೂಮಿಯಾನ್ (ಮಾಡೆಲ್‌ನಿಂದ ಚಿತ್ರ ತಯಾರಿಸುವ ಸಾಫ್ಟ್‌ವೇರ್) ಎರಡೂ ಬೇಕೆನ್ನುವ ಕಾಲೇಜಿನಲ್ಲಿ ಮ್ಯಾಕ್ ಇಟ್ಟುಕೊಂಡವರು ಸಬ್‌ಮಿಷನ್ ಹಿಂದಿನ ರಾತ್ರಿ ಇನ್ನೊಬ್ಬರ ಲ್ಯಾಪ್‌ಟಾಪ್ ಕೇಳಿಕೊಂಡು ಓಡಾಡಬೇಕಾಗುತ್ತದೆ. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್‌ನ ವಿಂಡೋಸ್ ಲ್ಯಾಪ್‌ಟಾಪ್‌ಗಳದ್ದೂ ಅದೇ ಕಥೆ. ಬ್ಯಾಟರಿ ಚೆನ್ನಾಗಿ ಬರುತ್ತದೆ, ಹಗುರವಾಗಿಯೂ ಇರುತ್ತವೆ, ಆದರೆ ಆ ಬಗೆಯ ಚಿಪ್‌ಗೆ ರೆವಿಟ್‌ನ ಅಧಿಕೃತ ಬೆಂಬಲ ಇಲ್ಲ. ಇಂಟೆಲ್ ಅಥವಾ ಎಎಮ್‌ಡಿ ಇರಲಿ.

ಇನ್ನು ಗೇಮಿಂಗ್ ವಿಚಾರ. ಅಂಗಡಿಯವರು ಹೇಳಿದ್ದು ತಪ್ಪಲ್ಲ, ಕಾರಣ ಮಾತ್ರ ಹೇಳಿಲ್ಲ. ಆರ್ಕಿಟೆಕ್ಚರ್‌ನವರು ಕಂಪ್ಯೂಟರ್‌ನಿಂದ ಮಾಡಿಸುವ ಕೆಲಸ ಎರಡು ಬಗೆ. ಪ್ಲಾನ್ ಎಳೆಯುವುದು, ಮಾಡೆಲ್ ಕಟ್ಟುವುದು ಬಹುಪಾಲು ಪ್ರೊಸೆಸರ್‌ನ ಒಂದೇ ಕೋರ್ (ಅದರೊಳಗೆ ಲೆಕ್ಕ ಮಾಡುವ ಘಟಕ) ಮೇಲೆ ಬೀಳುವ ಕೆಲಸ. ಅಲ್ಲಿ ಹದಿನಾರು ಕೋರ್ ಇದ್ದರೂ ಉಳಿದವು ಹೆಚ್ಚಿನ ಹೊತ್ತು ಸುಮ್ಮನೆ ಕೂತಿರುತ್ತವೆ. ಒಂದೊಂದು ಕೋರ್ ಎಷ್ಟು ಚುರುಕು ಅನ್ನುವುದೇ ಮುಖ್ಯ. ರೆಂಡರಿಂಗ್, ಅಂದರೆ ಮಾಡೆಲ್ ಅನ್ನು ಫೋಟೊದಂಥ ಚಿತ್ರವಾಗಿಸುವುದು, ಹಾಗಲ್ಲ. ಲ್ಯೂಮಿಯಾನ್, ಎನ್‌ಸ್ಕೇಪ್, ಟ್ವಿನ್‌ಮೋಶನ್, ಡಿ5 ಇವೆಲ್ಲ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿರುವಂಥ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಮೇಲೆ ನಡೆಯುತ್ತವೆ, ಅದರಲ್ಲೂ ಕಾರ್ಡ್‌ನ ಸ್ವಂತ ಮೆಮೊರಿ ಮೇಲೆ. ಮರ, ಹುಲ್ಲು, ಟೆಕ್ಸ್‌ಚರ್ ತುಂಬಿ ಆ ಮೆಮೊರಿ ಸಾಲದಾದರೆ ಒಂದೋ ತೆವಳುತ್ತದೆ, ಇಲ್ಲವೇ ಸಾಫ್ಟ್‌ವೇರೇ ಮುಚ್ಚಿಕೊಳ್ಳುತ್ತದೆ. 8 ಜಿಬಿ ಇದ್ದರೆ ಒಳ್ಳೆಯದು, 6 ಜಿಬಿಯಲ್ಲಿ ಸುಧಾರಿಸಬಹುದು, 4 ಜಿಬಿಗೆ ದುಡ್ಡು ಹಾಕಬೇಡಿ.

ಇಲ್ಲೊಂದು ಚಿಕ್ಕ ಮೋಸ ಇದೆ, ಬಾಕ್ಸ್ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಲ್ಯಾಪ್‌ಟಾಪಿಗೆ ಬರುವ ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡನ್ನೇ ಉದಾಹರಣೆಗೆ ತೆಗೆದುಕೊಳ್ಳಿ. 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟಕ್ಕೆ ಬೇಕಾದರೂ ಅದನ್ನು ಹೊಂದಿಸಿ ಕೊಡಲು ಲ್ಯಾಪ್‌ಟಾಪ್ ಕಂಪನಿಗೆ ಅವಕಾಶ ಇದೆ. ಹೆಸರು ಒಂದೇ, ಕೆಲಸದಲ್ಲಿ ಬಹಳ ವ್ಯತ್ಯಾಸ. ಎಸ್.ಪಿ. ರೋಡ್‌ಗೆ ಹೋಗಿ, ಶೋರೂಮ್‌ಗೆ ಹೋಗಿ, ಮಾಡೆಲ್ ನಂಬರ್ ಬರೆದುಕೊಂಡು ಬಂದು ಮನೆಯಲ್ಲಿ ಈ ವ್ಯಾಟ್ ನೋಡಿ. ಜೊತೆಗೆ ಸ್ಕ್ರೀನ್ ಯಾವುದು ಅಂತಲೂ. ಸ್ಕ್ರೀನ್ ಎಷ್ಟು ಬಣ್ಣ ತೋರಿಸಬಲ್ಲದು ಅನ್ನುವುದನ್ನು ಎನ್‌ಟಿಎಸ್‌ಸಿ, ಎಸ್‌ಆರ್‌ಜಿಬಿ ಅನ್ನುವ ಅಳತೆಗಳಲ್ಲಿ ಹೇಳುತ್ತಾರೆ. 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತಿದ್ದರೆ ಬಣ್ಣ ಸಪ್ಪೆ. ಮಗಳು ಆರಿಸಿದ ಜಂಬಿಟ್ಟಿಗೆಯ ಕೆಂಪು ಸ್ಕ್ರೀನ್‌ನಲ್ಲಿ ಒಂದು, ಶೀಟ್‌ನಲ್ಲಿ ಪ್ರಿಂಟ್ ಆಗುವುದು ಇನ್ನೊಂದು. 100 ಪರ್ಸೆಂಟ್ ಎಸ್‌ಆರ್‌ಜಿಬಿ ಹತ್ತಿರ ಇರುವುದನ್ನು ಹುಡುಕಿ.

ರ‍್ಯಾಮ್ 16 ಜಿಬಿ ಕನಿಷ್ಠ, ಮೂರನೇ ವರ್ಷದ ಹೊತ್ತಿಗೆ 32 ಬೇಕಾಗುತ್ತದೆ. ಈಗಲೇ ಅಷ್ಟು ಹಾಕಿಸಬೇಕಿಲ್ಲ, ಆದರೆ ಆಮೇಲೆ ಹಾಕಿಸಲು ಸ್ಲಾಟ್ ಇರಲೇಬೇಕು. ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್ ಆದರೆ ಆ ದಾರಿ ಮುಚ್ಚಿದ ಹಾಗೆ. ಬಜೆಟ್ ಬಿಗಿ ಇದ್ದರೆ ರ‍್ಯಾಮ್‌ನಲ್ಲಿ ಉಳಿಸಿ, ಗ್ರಾಫಿಕ್ಸ್‌ನಲ್ಲಿ ಬೇಡ. ಲ್ಯಾಪ್‌ಟಾಪ್‌ನ ಕಾರ್ಡನ್ನು ಆಮೇಲೆ ಬದಲಿಸಲು ಬರುವುದಿಲ್ಲವಲ್ಲ.

ಸಾಫ್ಟ್‌ವೇರ್ ಬೆಲೆಯ ಚಿಂತೆ ಬೇಡ. ಆಟೊಕ್ಯಾಡ್, ರೆವಿಟ್ ಎರಡೂ ವಿದ್ಯಾರ್ಥಿಗಳಿಗೆ ಉಚಿತ, ವರ್ಷಕ್ಕೊಮ್ಮೆ ನವೀಕರಿಸಿಕೊಂಡರಾಯಿತು. ಕಲಿಕೆಗಷ್ಟೇ, ಸಂಪಾದನೆಗಲ್ಲ. ರೆವಿಟ್ ಮಾತ್ರ ಕ್ಲಾಸಿನಲ್ಲಿ ಬಳಸುವ ವರ್ಷದ್ದನ್ನೇ ಹಾಕಿಕೊಳ್ಳಲಿ. ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ, ಗುಂಪಿನಲ್ಲಿ ಪ್ರಾಜೆಕ್ಟ್ ಮಾಡುವಾಗ ಇದೇ ದೊಡ್ಡ ಜಗಳ.

ನನ್ನನ್ನು ಕೇಳಿದರೆ, ಆತುರ ಬೇಡ. ಕೋರ್ಸ್ ಐದು ವರ್ಷದ್ದು. ಮೊದಲ ವರ್ಷ ಬಹಳಷ್ಟು ಕಾಲೇಜುಗಳಲ್ಲಿ ಡ್ರಾಫ್ಟಿಂಗ್ ಬೋರ್ಡ್, ಟಿ-ಸ್ಕ್ವೇರ್, ಪೆನ್ಸಿಲ್ ಕೆಲಸವೇ ಹೆಚ್ಚು. ಈಗ ಕೊಂಡ ಲ್ಯಾಪ್‌ಟಾಪ್ ಥೀಸಿಸ್ ಸೆಮಿಸ್ಟರ್‌ಗೆ, ಅಂದರೆ ಅತಿ ಭಾರದ ಕೆಲಸ ಬರುವ ಹೊತ್ತಿಗೆ, ಹಳತಾಗಿರುತ್ತದೆ. ಮನೆಯಲ್ಲಿರುವ ಯಾವುದಾದರೂ ಲ್ಯಾಪ್‌ಟಾಪ್‌ನಲ್ಲಿ ವರ್ಷ ತಳ್ಳಲಾದರೆ ತಳ್ಳಿ.

ಕೊಂಡ ಮೇಲೆ ‘ಹ್ಯಾಂಗ್ ಆಗ್ತಿದೆ ಅಪ್ಪಾ’ ಅಂತ ಫೋನ್ ಬಂದೇ ಬರುತ್ತದೆ. ಸರ್ವಿಸ್ ಸೆಂಟರ್‌ಗೆ ಓಡುವ ಮೊದಲು ಎರಡು ವಿಷಯ ನೋಡಿಸಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ ಸ್ಕೆಚಪ್‌ಗೆ ಹೈ ಪರ್ಫಾರ್ಮೆನ್ಸ್ ಆರಿಸಲಿ. ಎಷ್ಟೋ ಸಲ ದುಬಾರಿ ಕಾರ್ಡ್ ಬದಿಗಿದ್ದು, ಪ್ರೊಸೆಸರ್ ಜೊತೆಗಿನ ಚಿಕ್ಕ ಗ್ರಾಫಿಕ್ಸೇ ಮಾಡೆಲ್ ತಿರುಗಿಸುತ್ತಿರುತ್ತದೆ. ಎರಡನೆಯದು ಮರಗಳು. ಸ್ಕೆಚಪ್‌ನ ಸಿದ್ಧ ಮಾಡೆಲ್‌ಗಳ ಸಂಗ್ರಹವಾದ ತ್ರೀಡಿ ವೇರ್‌ಹೌಸ್‌ನಿಂದ ಇಳಿಸಿದ ಒಂದು ಮಾವಿನ ಮರದಲ್ಲಿ ಎಲೆ ಎಲೆಯನ್ನೂ ಬಿಡಿಸಿದ್ದರೆ, ಅದೊಂದೇ ಇಡೀ ಮನೆಗಿಂತ ಭಾರ ಇರಬಹುದು. ಡಿಲೀಟ್ ಮಾಡಿದರೂ ಅದು ಫೈಲಿನೊಳಗೇ ಉಳಿಯುತ್ತದೆ. ಸ್ಕೆಚಪ್‌ನ ಮಾಡೆಲ್ ಇನ್ಫೋದಲ್ಲಿ ಸ್ಟ್ಯಾಟಿಸ್ಟಿಕ್ಸ್ ತೆಗೆದು ‘ಪರ್ಜ್ ಅನ್‌ಯೂಸ್ಡ್’ ಒತ್ತಿ, ಸೇವ್ ಮಾಡಿ, ಫೈಲಿನ ಗಾತ್ರ ಮುಂಚೆ ಎಷ್ಟಿತ್ತು, ಈಗ ಎಷ್ಟಾಯಿತು ಅಂತ ನೋಡಲು ಹೇಳಿ.