ಫ್ಲೋರಿಡಾ ಕರಾವಳಿ: ಒಡೆದ ಹಡಗುಗಳು ಮತ್ತು ದಡದ ಜನ

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಫ್ಲೋರಿಡಾದಿಂದ ಒಂದು ಸುದ್ದಿ ಬಂತು. ಅಲ್ಲಿನ ಪೂರ್ವ ಕರಾವಳಿಯ ಹತ್ತಿರ ಮುಳುಗುಗಾರರಿಗೆ ಸಾವಿರಕ್ಕೂ ಜಾಸ್ತಿ ಬೆಳ್ಳಿ ನಾಣ್ಯ, ಐದು ಚಿನ್ನದ ನಾಣ್ಯ ಸಿಕ್ಕಿದ್ದವು. ಬೆಲೆ ಸುಮಾರು 10 ಲಕ್ಷ ಡಾಲರ್. 1715ರಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದ ಸ್ಪೇನ್ ಹಡಗುಗಳ ಸೊತ್ತು ಅದು.

ಈ ಹುಡುಕಾಟ ಹೊಸದಲ್ಲ. ಎರಡನೇ ಮಹಾಯುದ್ಧದ ನಂತರ ಕಿಪ್ ವ್ಯಾಗ್ನರ್ ಎಂಬ ಕಟ್ಟಡ ಗುತ್ತಿಗೆದಾರ ಸೆಬಾಸ್ಟಿಯನ್ ಊರಿನ ಬಳಿ ಬೀಚಿನಲ್ಲಿ ಹಳೇ ನಾಣ್ಯಗಳನ್ನು ಆಯ್ದ. ಅವು ಎಲ್ಲಿಂದ ಬರುತ್ತಿವೆ ಎಂದು ಬೆನ್ನು ಹತ್ತಿದ. ಮುಂದೆ ಮೆಲ್ ಫಿಷರ್ ಎಂಬ ನಿಧಿ ಹುಡುಕುವವನೂ ಅವನ ಜೊತೆ ಸೇರಿಕೊಂಡ. 1964ರಲ್ಲಿ ಒಂದೇ ಜಾಗದಲ್ಲಿ ಸಾವಿರಕ್ಕೂ ಜಾಸ್ತಿ ಚಿನ್ನದ ನಾಣ್ಯ ಸಿಕ್ಕಿದವು. ಆ ಗದ್ದಲದಲ್ಲೇ ಈ ಭಾಗಕ್ಕೆ ಟ್ರೆಷರ್ ಕೋಸ್ಟ್, ಅಂದರೆ ನಿಧಿಯ ಕರಾವಳಿ, ಎಂಬ ಹೆಸರು ಬಿತ್ತು. ಇವತ್ತು ಅಂಗಡಿ, ಆಸ್ಪತ್ರೆ, ಪತ್ರಿಕೆ ಎಲ್ಲಕ್ಕೂ ಅದೇ ಹೆಸರು.

ಸ್ಪ್ಯಾನಿಷರ ಹಳೇ ಕಾಗದಗಳಲ್ಲಿ ಈ ಜಾಗಕ್ಕೆ ಬೇರೆ ಹೆಸರಿದೆ. ಕಡಲಿಗೂ ನೆಲಕ್ಕೂ ನಡುವೆ ಸುಮಾರು 250 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಹಿನ್ನೀರನ್ನು ಅವರು ರಿಯೊ ದೆ ಅಯಿಸ್, ಅಂದರೆ ಅಯಿಸ್ ಹೊಳೆ, ಎಂದು ಬರೆದಿದ್ದರು. ಅಯಿಸ್ ಎಂಬುದು ಅಲ್ಲಿನ ಮೂಲ ಜನರ ಹೆಸರು. ಈಗ ಆ ನೀರಿಗೆ ಇಂಡಿಯನ್ ರಿವರ್ ಎನ್ನುತ್ತಾರೆ. ಯಾವ ಜನ ಎಂಬ ಸುಳಿವೂ ಆ ಹೆಸರಿನಲ್ಲಿ ಉಳಿದಿಲ್ಲ.

ನಾಣ್ಯ ಸಿಕ್ಕಾಗಲೆಲ್ಲ ಹಡಗಿನ ಕಥೆ ಹೇಳುತ್ತಾರೆ, ರಾಜನ ಕಥೆ ಹೇಳುತ್ತಾರೆ, ಕಡಲ್ಗಳ್ಳರ ಕಥೆಯಂತೂ ಬಿಡುವುದೇ ಇಲ್ಲ. ಹಡಗು ಒಡೆದಾಗ ದಡದಲ್ಲಿ ಇದ್ದವರ ಕಥೆ ಮಾತ್ರ ಒಂದು ಸಾಲಿನಲ್ಲಿ ಮುಗಿಯುತ್ತದೆ. ಆದರೆ ಸುಮಾರು 150 ವರ್ಷ ಈ ಕರಾವಳಿಯ ಬದುಕು, ರಾಜಕೀಯ, ವ್ಯಾಪಾರ ಎಲ್ಲವನ್ನೂ ಆ ಒಡೆದ ಹಡಗುಗಳು ರೂಪಿಸಿದ್ದವು. ಅದನ್ನು ನಡೆಸಿದವರು ಅಯಿಸರು ಮತ್ತು ಅವರ ನೆರೆಯವರು.

ಹಡಗುಗಳು ಇಲ್ಲೇ ಯಾಕೆ ಒಡೆಯುತ್ತಿದ್ದವು? 1513ರಲ್ಲಿ ಪೊನ್ಸೆ ದೆ ಲಿಯೋನ್ ಎಂಬ ಸ್ಪ್ಯಾನಿಷ್ ಅನ್ವೇಷಕ ಫ್ಲೋರಿಡಾ ತೀರಕ್ಕೆ ಬಂದಾಗ ಅವನ ಹಡಗುಗಳು ಒಂದು ವಿಚಿತ್ರ ಕಂಡವು. ಗಾಳಿ ಚೆನ್ನಾಗಿ ಬೀಸುತ್ತಿದ್ದರೂ ನೀರು ಅವನ್ನು ಹಿಂದಕ್ಕೆ ತಳ್ಳುತ್ತಿತ್ತು. ಅದು ಗಲ್ಫ್ ಸ್ಟ್ರೀಮ್, ಉತ್ತರಕ್ಕೆ ಓಡುವ ಬಿಸಿನೀರಿನ ಪ್ರವಾಹ. ಆ ಯಾನದ ಚುಕ್ಕಾಣಿ ಹಿಡಿದಿದ್ದ ಆಂತೋನ್ ದೆ ಅಲಾಮಿನೋಸ್ ಅದನ್ನು ಮರೆಯಲಿಲ್ಲ. 1519ರಲ್ಲಿ ಮೆಕ್ಸಿಕೋದ ಸಂಪತ್ತನ್ನು ಸ್ಪೇನ್‌ಗೆ ಒಯ್ಯುವಾಗ ಅದೇ ಪ್ರವಾಹ ಹಿಡಿದು ಹೋದ. ಆಮೇಲೆ ಅದೇ ಹೆದ್ದಾರಿಯಾಯಿತು. ಮೆಕ್ಸಿಕೋದ ಬೆಳ್ಳಿ, ಪೆರುವಿನ ಬೆಳ್ಳಿ ಎಲ್ಲ ಹವಾನಾದಲ್ಲಿ ಸೇರಿ, ಫ್ಲೋರಿಡಾಕ್ಕೂ ಬಹಾಮಾಸ್‌ಗೂ ನಡುವಿನ ಕಿರಿದಾದ ಕಾಲುವೆಯಲ್ಲಿ ಹಾದು ಹೋಗಬೇಕಿತ್ತು. ಒಂದು ಕಡೆ ಮರಳದಿಬ್ಬ, ಇನ್ನೊಂದು ಕಡೆ ಹವಳದ ಬಂಡೆ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಹವಾನಾದಲ್ಲಿ ಹೊರಡುವುದು ತಡವಾಯಿತೋ, ಅಪಾಯ ಕಟ್ಟಿಟ್ಟದ್ದು.

ಅಯಿಸರು ಕೇಪ್ ಕನಾವೆರಲ್‌ನಿಂದ ದಕ್ಷಿಣಕ್ಕೆ ಸೇಂಟ್ ಲೂಸಿ ಅಳಿವೆಯವರೆಗೆ ಇದ್ದರು. ಅವರು ಬೇಸಾಯ ಮಾಡುತ್ತಿರಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ ಎನ್ನಬೇಕು. ಹಿನ್ನೀರು ತುಂಬ ಮೀನು, ಚಿಪ್ಪು, ಆಮೆ. ದಡದಲ್ಲಿ ಪಾಲ್ಮೆಟ್ಟೊ ಎಂಬ ಕುಳ್ಳ ತಾಳೆಯ ಹಣ್ಣು. ಅವರ ದಕ್ಷಿಣಕ್ಕೆ ಹೆಯಾಗಾ ಎಂಬ ಜನ, ಪಶ್ಚಿಮ ತೀರದಲ್ಲಿ ಇವರೆಲ್ಲರಿಗಿಂತ ಬಲಶಾಲಿಯಾದ ಕಲೂಸಾ ರಾಜ್ಯ. ಕಲೂಸಾ ದೊರೆಯನ್ನು ಸ್ಪ್ಯಾನಿಷರು ಕಾರ್ಲೋಸ್ ಎಂದು ಕರೆದರು.

ಆ ಕಾಲದ ಒಳನೋಟ ನಮಗೆ ಸಿಗುವುದು ಒಬ್ಬ ಹುಡುಗನಿಂದ. ಎರ್ನಾಂದೊ ದೆ ಎಸ್ಕಲಾಂತೆ ಫೊಂತನೇದಾ ಈಗಿನ ಕೊಲಂಬಿಯಾದ ಕಾರ್ತಹೇನಾದಲ್ಲಿ ಹುಟ್ಟಿದ ಸ್ಪ್ಯಾನಿಷ್ ಹುಡುಗ. ಸುಮಾರು 1549ರಲ್ಲಿ, 13ನೇ ವಯಸ್ಸಿನಲ್ಲಿ, ಓದಲಿಕ್ಕೆಂದು ಸ್ಪೇನ್‌ಗೆ ಹೋಗುತ್ತಿದ್ದಾಗ ಹಡಗು ಒಡೆಯಿತು. ಮುಂದಿನ 17 ವರ್ಷ ಅವನು ಫ್ಲೋರಿಡಾದಲ್ಲೇ ಸೆರೆಯಾಳಾಗಿ ಬೆಳೆದ. ಹಲವು ಭಾಷೆ ಕಲಿತ. ಬಿಡುಗಡೆಯಾಗಿ ಸುಮಾರು 1575ರಲ್ಲಿ ತನ್ನ ನೆನಪುಗಳನ್ನು ಬರೆದ.

ಅವನ ಬರಹದ ಒಂದು ಭಾಗ ಓದಿದಾಗ ಸಂಕಟವಾಗುತ್ತದೆ. ಸೆರೆ ಸಿಕ್ಕವರಿಗೆ ಹಾಡಿ, ಕುಣಿಯಿರಿ ಎಂದು ಅಪ್ಪಣೆಯಾಗುತ್ತಿತ್ತು. ಅವರಿಗೆ ಭಾಷೆ ಗೊತ್ತಿಲ್ಲ, ಸುಮ್ನೆ ನಿಲ್ಲುತ್ತಿದ್ದರು. ಇವರು ಬೇಕೆಂದೇ ಧಿಕ್ಕರಿಸುತ್ತಿದ್ದಾರೆ ಎಂದುಕೊಂಡು ಕೊಂದುಬಿಡುತ್ತಿದ್ದರು. ಕೊನೆಗೆ ಕಲೂಸಾ ದೊರೆಯೇ ಭಾಷೆ ಬಲ್ಲ ಸೆರೆಯಾಳುಗಳನ್ನು ಕೇಳಿದ: ನಿಮ್ಮವರು ಯಾಕೆ ಮಾತು ಕೇಳುವುದಿಲ್ಲ? ಅವರಿಗೆ ಅರ್ಥವಾಗುವುದಿಲ್ಲ ಎಂದು ಇವರು ವಿವರಿಸಿದರು. ಎಷ್ಟೋ ಜೀವ ಹೋದ ಮೇಲೆ ನಡೆದ ಮಾತು ಅದು.

ಸಂಪತ್ತಿನ ಬಗ್ಗೆಯೂ ಫೊಂತನೇದಾ ಖಚಿತವಾಗಿ ಬರೆದಿದ್ದಾನೆ. ಫ್ಲೋರಿಡಾದಲ್ಲಿ ಚಿನ್ನದ ಗಣಿ ಇಲ್ಲ. ಈ ಜನ ಶ್ರೀಮಂತರಾಗಿರುವುದು ಕಡಲಿನಿಂದ, ಒಡೆದ ಹಡಗುಗಳಿಂದ. ಅಯಿಸರ ತೀರದಲ್ಲಿ ಸಿಕ್ಕ ಚಿನ್ನ ಬೆಳ್ಳಿ ಅಲ್ಲೇ ಉಳಿಯುತ್ತಿರಲಿಲ್ಲ. ಒಳ್ಳೆಯ ಪಾಲು ಕಾರ್ಲೋಸನಿಗೆ ಹೋಗುತ್ತಿತ್ತು, ಮಿಕ್ಕದ್ದು ನಾಯಕರ ನಡುವೆ ಹಂಚಿಕೆಯಾಗುತ್ತಿತ್ತು. ಅಂದರೆ ಪೂರ್ವ ದಡದಲ್ಲಿ ಹಡಗು ಒಡೆದರೆ ಪಶ್ಚಿಮ ದಡದ ದೊರೆಯ ಬಲ ಹೆಚ್ಚುತ್ತಿತ್ತು. ಇದನ್ನು ದಿಕ್ಕಿಲ್ಲದ ಲೂಟಿ ಎನ್ನಲಾಗದು. ಕಪ್ಪ, ಪಾಲು, ಮರ್ಯಾದೆಗಳ ಲೆಕ್ಕ ಇದ್ದ ವ್ಯವಸ್ಥೆ ಅದು.

ಆ ಲೋಹವನ್ನು ಅವರು ಏನು ಮಾಡುತ್ತಿದ್ದರು ಎಂಬುದು ನನಗೆ ಇನ್ನೂ ಇಷ್ಟವಾದ ವಿಷಯ. ಫ್ಲೋರಿಡಾದ ಹಳೇ ಸಮಾಧಿ ದಿಬ್ಬಗಳಲ್ಲಿ ಸಿಕ್ಕಿದ ವಸ್ತುಗಳೇ ಉತ್ತರ ಹೇಳುತ್ತವೆ. ನಾಣ್ಯಕ್ಕೆ ತೂತು ಹಾಕಿ ಪದಕ ಮಾಡಿದ್ದಾರೆ. ಬೆಳ್ಳಿಯನ್ನು ಬಡಿದು ದುಂಡು ಬಿಲ್ಲೆ ಮಾಡಿದ್ದಾರೆ, ಸುರುಳಿ ಸುತ್ತಿ ಮಣಿ ಮಾಡಿದ್ದಾರೆ. ಜುಟ್ಟಿನ ಮರಕುಟಿಗ ಹಕ್ಕಿಯ ಆಕಾರ ಕೊಟ್ಟಿದ್ದಾರೆ. ಸ್ಪೇನ್‌ನ ರಾಜನ ಮುದ್ರೆಗೆ ಅಲ್ಲಿ ಬೆಲೆ ಇರಲಿಲ್ಲ. ಇವರ ಕೈಗೆ ಬಂದ ಮೇಲೆ ಅದು ಬೇರೆಯೇ ಕಲೆಯಾಯಿತು. ಮೆಕ್ಸಿಕೋ, ಪೆರುವಿನ ಮೂಲ ಜನರಿಂದ ಹಿಂಸೆ ಮಾಡಿ ಅಗೆಸಿದ ಬೆಳ್ಳಿ ಫ್ಲೋರಿಡಾದ ಮೂಲ ಜನರ ಕೈಗೆ ಹೀಗೆ ಬಂದು ಸೇರಿತ್ತು ಎಂಬುದೂ ಯೋಚಿಸಬೇಕಾದ್ದೇ ಅಲ್ವಾ?

1565ರಲ್ಲಿ ಪೆದ್ರೊ ಮೆನೆಂದೆಸ್ ದೆ ಅವಿಲೇಸ್ ಎಂಬ ಸ್ಪ್ಯಾನಿಷ್ ನೌಕಾಧಿಕಾರಿ ಅಯಿಸರ ನೆಲದಿಂದ ಉತ್ತರಕ್ಕೆ ಸೇಂಟ್ ಆಗಸ್ಟೀನ್ ಊರನ್ನು ಕಟ್ಟಿದ. ಫ್ರೆಂಚರನ್ನು ಓಡಿಸುವುದು ಅವನ ಮುಖ್ಯ ಕೆಲಸ. ಆದರೆ ಹಡಗಿನ ದಾರಿ ಕಾಯುವುದು, ತೀರಕ್ಕೆ ಬಿದ್ದವರನ್ನು ಉಳಿಸುವುದೂ ಇತ್ತು. ಸ್ವಂತ ನೋವೂ ಇತ್ತು. 1563ರಲ್ಲಿ ಅವನ ಮಗ ಹುವಾನ್ ಇದ್ದ ಹಡಗು ಕಾಣೆಯಾಗಿತ್ತು. ಮಗ ಎಲ್ಲೋ ಮೂಲ ಜನರ ನಡುವೆ ಬದುಕಿರಬಹುದು ಎಂಬ ಆಸೆಯಲ್ಲಿ ಮೆನೆಂದೆಸ್ ಹುಡುಕುತ್ತಲೇ ಇದ್ದ. ಮಗ ಸಿಗಲಿಲ್ಲ. ಅಯಿಸರ ನಾಯಕನ ಜೊತೆ ಅವನು ಸ್ನೇಹ ಮಾಡಿಕೊಂಡ. 1566ರಲ್ಲಿ ಕಾರ್ಲೋಸನಿಂದ ಸೆರೆಯಾಳುಗಳನ್ನು ಬಿಡಿಸಿಕೊಂಡ. ಮೈತ್ರಿಗೆಂದು ಕಾರ್ಲೋಸ್ ತನ್ನ ಅಕ್ಕನನ್ನೇ ಅವನಿಗೆ ಮದುವೆ ಮಾಡಿಕೊಟ್ಟ. ಆ ಸ್ನೇಹ ಯಾವುದೂ ಬಾಳಲಿಲ್ಲ. ಸೇಂಟ್ ಲೂಸಿ ಹತ್ತಿರ ಹಾಕಿದ ಸೈನಿಕ ಠಾಣೆಯಲ್ಲಿ ಹಸಿವು, ಕಾದಾಟ. ಕೆಲವೇ ತಿಂಗಳಲ್ಲಿ ಅದು ಖಾಲಿಯಾಯಿತು.

ಬಲದಿಂದ ಆಗದ್ದನ್ನು ಮಾತಿನಿಂದ ಮಾಡಲು ಸ್ಪ್ಯಾನಿಷರು ಕಲಿಯಲು ಇನ್ನೂ 40 ವರ್ಷ ಬೇಕಾಯಿತು. 1605ರಲ್ಲಿ ಗವರ್ನರ್ ಪೆದ್ರೊ ದೆ ಇಬಾರ್ರಾ ಆಲ್ವಾರೊ ಮೆಹಿಯಾ ಎಂಬವನನ್ನು ಅಯಿಸರ ಬಳಿಗೆ ಕಳಿಸಿದ. ಮೆಹಿಯಾ ಹಿನ್ನೀರಿನ ಊರು, ಅಳಿವೆ, ದೋಣಿ ದಾಟಿಸುವ ಜಾಗ ಎಲ್ಲವನ್ನೂ ನಕ್ಷೆ ಸಮೇತ ಬರೆದಿಟ್ಟ. ಅಯಿಸ್ ನಾಯಕ ಸೇಂಟ್ ಆಗಸ್ಟೀನ್‌ಗೆ ಬಂದು ಉಡುಗೊರೆ ಪಡೆದ. ತೀರಕ್ಕೆ ಬಿದ್ದವರನ್ನು ಉಳಿಸಿ ತಲುಪಿಸಿದರೆ ಸ್ಪ್ಯಾನಿಷರಿಂದ ಸಾಮಾನು ಸಿಗುತ್ತದೆ. ಮುಂದಿನ ದಶಕಗಳ ಸಂಬಂಧ ನಿಂತಿದ್ದು ಇದರ ಮೇಲೆ.

ಆ ಸಂಬಂಧ 1696ರ ಹೊತ್ತಿಗೆ ಹೇಗಿತ್ತು ಎಂದು ಜೊನಾಥನ್ ಡಿಕಿನ್ಸನ್ ಬರೆದ ದಿನಚರಿ ತೋರಿಸುತ್ತದೆ. ಡಿಕಿನ್ಸನ್ ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಇಂಗ್ಲಿಷ್ ವ್ಯಾಪಾರಿ. ಹೆಂಡತಿ, ಎಳೆ ಮಗು, ತನ್ನ ಗುಲಾಮರ ಜೊತೆ ಜಮೈಕಾದಿಂದ ಫಿಲಡೆಲ್ಫಿಯಾಕ್ಕೆ ಹೊರಟಿದ್ದ. ಸೆಪ್ಟೆಂಬರ್ 23ರಂದು ರಿಫಾರ್ಮೇಶನ್ ಎಂಬ ಅವನ ಹಡಗು ಈಗಿನ ಜುಪಿಟರ್ ಬಳಿ ದಡಕ್ಕೆ ಬಡಿಯಿತು. ಹೋಬೆ ಊರಿನ ಜನ ಓಡಿ ಬಂದರು. ಬಟ್ಟೆ ಬಿಚ್ಚಿಸಿಕೊಂಡರು, ಪೆಟ್ಟಿಗೆ ಒಡೆದರು. ಇವರೆಲ್ಲ ಸಾವಿಗೆ ಸಿದ್ಧರಾಗಿ ಕೂತರು.

ಆಮೇಲೆ ನಡೆದದ್ದು ಬೇರೆ. ನಾಯಕನ ಹೆಂಡತಿ ತನ್ನ ಕೂಸನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಡಿಕಿನ್ಸನ್ನನ ಮಗುವನ್ನು ಎತ್ತಿಕೊಂಡು ಹಾಲು ಕುಡಿಸಿದಳು. ತಾಯಿ ಹೆದರಿ ಬೇಡವೆಂದರೂ ಬಿಡಲಿಲ್ಲ. ಮೀನು ಹಿಡಿಯುವವನೊಬ್ಬ ನೀರಿನಲ್ಲಿ ನಿಂತು, ಎರಡು ಗಂಟೆಯಲ್ಲಿ 20 ಜನರಿಗಾಗುವಷ್ಟು ಮೀನನ್ನು ಭರ್ಜಿಯಿಂದ ತಿವಿದು ತಂದ. ಪಾಲ್ಮೆಟ್ಟೊ ಹಣ್ಣು ಕೊಟ್ಟರು. ತಂಬಾಕಿನ ರಸದಲ್ಲಿ ನೆನೆಸಿದ ಕೊಳೆತ ಚೀಸಿನ ರುಚಿ ಎಂದು ಡಿಕಿನ್ಸನ್ ಬರೆದ. ದಿನ ಕಳೆದಂತೆ ಅದನ್ನೇ ತಿಂದು ಜೀವ ಉಳಿಸಿಕೊಂಡ.

ಉತ್ತರಕ್ಕೆ ನಡೆಯುತ್ತ ಅವರು ಜೆಸೆ ಎಂಬ ಅಯಿಸರ ಮುಖ್ಯ ಊರಿಗೆ ಬಂದರು. ಅಲ್ಲಿನ ಮುದಿ ನಾಯಕ ಈ ಹಡಗಿನ ಸುದ್ದಿ ಕೇಳಿ ತಾನೇ ಹೊರಟ. ಎರಡು ದೋಣಿಗಳನ್ನು ಅಡ್ಡ ಗಳು ಹಾಕಿ ಜೋಡಿಸಿ, ಮೇಲೆ ಅಟ್ಟ ಕಟ್ಟಿ, ಸಾಮಾನಿನ ಪೆಟ್ಟಿಗೆಯ ಮೇಲೆ ಕಾಲು ಮಡಚಿ ಕೂತು ವಾಪಸ್ ಬಂದ. ಹಡಗಿನ ಸೊತ್ತಿನಲ್ಲಿ ಹೋಬೆ ನಾಯಕ ತನ್ನ ಪಾಲಿಗಿಂತ ಜಾಸ್ತಿ ಇಟ್ಟುಕೊಳ್ಳುವಂತಿರಲಿಲ್ಲ. ಜೆಸೆಯ ನಾಯಕನ ಬಳಿ ಸುಮಾರು ಐದು ಪೌಂಡ್ ಅಂಬರ್‌ಗ್ರಿಸ್ ಕೂಡ ಇತ್ತು. ನಮ್ಮ ಪತ್ರಿಕೆಗಳು ತಿಮಿಂಗಿಲದ ವಾಂತಿ ಎಂದು ಬರೆಯುತ್ತವಲ್ಲ, ಅದೇ. ಸೇಂಟ್ ಆಗಸ್ಟೀನ್‌ಗೆ ಒಯ್ದು ಕೊಟ್ಟರೆ ಒಂದು ಕನ್ನಡಿ, ಒಂದು ಕೊಡಲಿ, ಒಂದೆರಡು ಚಾಕು, ಒಂದಷ್ಟು ತಂಬಾಕು ಬರುತ್ತದೆ ಎಂದು ಅವನು ಹೆಮ್ಮೆಯಿಂದ ಹೇಳಿಕೊಂಡ. ಯುರೋಪಿನಲ್ಲಿ ಅಂಬರ್‌ಗ್ರಿಸ್‌ಗೆ ಏನು ಬೆಲೆ ಇತ್ತು ಎಂದು ತಿಳಿದವರಿಗೆ ಈ ವ್ಯಾಪಾರದಲ್ಲಿ ಲಾಭ ಯಾರದ್ದೆಂದು ಹೇಳಬೇಕಾಗಿಲ್ಲ.

ಡಿಕಿನ್ಸನ್ ತಂಡದವರು ತಾವು ಸ್ಪ್ಯಾನಿಷರು ಎಂದು ಸುಳ್ಳು ಹೇಳುತ್ತಿದ್ದರು. ಇಂಗ್ಲಿಷರೆಂದರೆ ಅಲ್ಲಿನವರಿಗೆ ಕಡು ದ್ವೇಷ. ಕಾರಣವನ್ನೂ ಅವನೇ ಬರೆದಿದ್ದಾನೆ. ಕ್ಯೂಬಾದ ಪೂರ್ವಕ್ಕೆ ಮುಳುಗಿದ್ದ ಒಂದು ಹಡಗಿನಿಂದ ಸೊತ್ತು ಎತ್ತಲು ಇಂಗ್ಲಿಷ್ ಹಡಗಿನವರು ಅಯಿಸರನ್ನು ಮುಳುಗುಗಾರರಾಗಿ ಹಿಡಿದುಕೊಂಡು ಹೋಗಿದ್ದರು. ನೀರು ತುಂಬಿಸಿಕೊಳ್ಳಲು ಹಡಗು ಕ್ಯೂಬಾಕ್ಕೆ ಹೋದಾಗ ಒಬ್ಬ ಈಜಿ ದಡ ಸೇರಿದ. ಅಲ್ಲಿಂದ ಹವಾನಾ, ಹವಾನಾದಿಂದ ಸೇಂಟ್ ಆಗಸ್ಟೀನ್, ಅಲ್ಲಿಂದ ತನ್ನೂರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡ ಸಾಹಸಿ ಎನಿಸುವುದು ಈ ಮನುಷ್ಯ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ.

ಡಿಕಿನ್ಸನ್ ತಂಡ ಸುಮಾರು 370 ಕಿಲೋಮೀಟರ್ ದಾಟಿ ನವೆಂಬರ್‌ನಲ್ಲಿ ಸೇಂಟ್ ಆಗಸ್ಟೀನ್ ಸೇರಿತು. ದಾರಿಯಲ್ಲಿ ಐದು ಜನ ಚಳಿಗೆ ಸತ್ತರು. ಸ್ಪ್ಯಾನಿಷ್ ಗವರ್ನರ್ ಊಟ, ಬಟ್ಟೆ ಕೊಟ್ಟು ಮುಂದೆ ಕಳಿಸಿದ.

ಇದಾಗಿ ಕೆಲವೇ ವರ್ಷಕ್ಕೆ ಅಯಿಸರ ಲೋಕ ಕುಸಿಯಿತು. ರೋಗಗಳು ಮೊದಲೇ ಜನರನ್ನು ಕಡಿಮೆ ಮಾಡಿದ್ದವು. 1702ರಿಂದ ಕ್ಯಾರೊಲೈನಾದ ಇಂಗ್ಲಿಷರು, ಅವರ ಜೊತೆಗೂಡಿದ ಕ್ರೀಕ್ ಮತ್ತು ಯಮಾಸಿ ಎಂಬ ಮೂಲ ಜನರ ಪಡೆಗಳು ಬಂದೂಕು ಹಿಡಿದು ಫ್ಲೋರಿಡಾಕ್ಕೆ ನುಗ್ಗಿದರು. ಜನರನ್ನು ಹಿಡಿದು ಚಾರ್ಲ್ಸ್‌ಟನ್‌ನಲ್ಲಿ ಗುಲಾಮರಾಗಿ ಮಾರುವುದೇ ಗುರಿ. ದಕ್ಷಿಣ ಫ್ಲೋರಿಡಾದವರೆಗೂ ಬೇಟೆ ನಡೆಯಿತು. 1711ರಲ್ಲಿ ದಕ್ಷಿಣ ತುದಿಯ ದ್ವೀಪಗಳಿಂದ 270 ಜನ ಹಡಗು ಹತ್ತಿ ಕ್ಯೂಬಾಕ್ಕೆ ಹೋದರು. ಅವರಲ್ಲಿ ಸುಮಾರು 200 ಜನ ಅಲ್ಲಿ ರೋಗಕ್ಕೆ ಬಲಿಯಾದರು.

ಅದರ ನಂತರ ಬಂತು ಆ ಹೆಸರಾದ 1715. ಸ್ಪೇನ್ ಸಿಂಹಾಸನಕ್ಕಾಗಿ ಯುರೋಪಿನಲ್ಲಿ ನಡೆದ ಉತ್ತರಾಧಿಕಾರ ಯುದ್ಧ ಮುಗಿದು ಸ್ಪೇನ್‌ನ ಖಜಾನೆ ಖಾಲಿಯಾಗಿತ್ತು, ಹಣ ಬೇಗ ಬೇಕಿತ್ತು. ಜುಲೈ 24ರಂದು ಹುವಾನ್ ಎಸ್ತೇಬಾನ್ ದೆ ಉಬಿಯಾನ ನಾಯಕತ್ವದಲ್ಲಿ 12 ಹಡಗು ಹವಾನಾ ಬಿಟ್ಟವು. ಜುಲೈ 30ರ ರಾತ್ರಿ ಶುರುವಾದ ಚಂಡಮಾರುತ ಬೆಳಗಾಗುವುದರೊಳಗೆ 11 ಹಡಗುಗಳನ್ನು ದಡಕ್ಕೆ ಬಡಿಯಿತು. ಉಳಿದದ್ದು ಜೊತೆಗೆ ಹೊರಟಿದ್ದ ಒಂದು ಫ್ರೆಂಚ್ ಹಡಗು ಮಾತ್ರ. ಸಾವಿರದಷ್ಟು ಜನ ಸತ್ತರು, ಉಬಿಯಾ ಕೂಡ. ಬದುಕಿದವರು ಅಯಿಸರ ನೆಲದಲ್ಲೇ ಬಿಡಾರ ಹೂಡಿದರು. ಸೊತ್ತು ಎತ್ತಲು ಸ್ಪ್ಯಾನಿಷರು ಮೂಲ ಜನರ ಮುಳುಗುಗಾರರನ್ನೇ ದುಡಿಸಿಕೊಂಡರು. ಎತ್ತಿಟ್ಟದ್ದರ ಮೇಲೆ ಹೆನ್ರಿ ಜೆನಿಂಗ್ಸ್ ಎಂಬ ಇಂಗ್ಲಿಷ್ ಕಡಲ್ಗಳ್ಳ ದಾಳಿ ಮಾಡಿದ. ಈ ಭಾಗ ಎಲ್ಲರಿಗೂ ಗೊತ್ತು, ಎಷ್ಟೋ ಕಡೆ ಬಣ್ಣ ಹಚ್ಚಿ ಹೇಳಿದ್ದಾರೆ.

ಆದರೆ ನೂರು ವರ್ಷ ಮೊದಲಾಗಿದ್ದರೆ ಇಷ್ಟು ದೊಡ್ಡ ಸಂಪತ್ತಿನ ಪಾಲನ್ನು ಜೆಸೆಯ ನಾಯಕನೇ ನಿರ್ಧರಿಸುತ್ತಿದ್ದ. 1715ರಲ್ಲಿ ಹಾಗೆ ಕೇಳುವಷ್ಟು ಜನ ಉಳಿದಿರಲಿಲ್ಲ. 1763ರಲ್ಲಿ ಸ್ಪೇನ್ ಫ್ಲೋರಿಡಾವನ್ನು ಬ್ರಿಟನ್‌ಗೆ ಬಿಟ್ಟುಕೊಟ್ಟಾಗ ದಕ್ಷಿಣ ಫ್ಲೋರಿಡಾದ ಮೂಲ ಜನರಲ್ಲಿ ಉಳಿದಿದ್ದ ಕೆಲವು ಕುಟುಂಬಗಳೂ ಸ್ಪ್ಯಾನಿಷರ ಜೊತೆ ಹವಾನಾಕ್ಕೆ ಹೋದವು. ಅಯಿಸ್ ಎಂಬ ಹೆಸರು ಆ ಹೊತ್ತಿಗಾಗಲೇ ದಾಖಲೆಗಳಿಂದ ಮರೆಯಾಗಿತ್ತು.

ಇವತ್ತು ಕಡಲಿನಿಂದ ಎತ್ತಿದ ನಾಣ್ಯಕ್ಕೆ ಕಾನೂನು ಸ್ಪಷ್ಟವಾಗಿದೆ. ಹಕ್ಕು ಪಡೆದ ಕಂಪನಿ ಎತ್ತುತ್ತದೆ, ಸುಮಾರು 20% ಫ್ಲೋರಿಡಾ ಸರ್ಕಾರದ ಮ್ಯೂಸಿಯಂಗಳಿಗೆ ಹೋಗುತ್ತದೆ. ದಿಬ್ಬಗಳಿಂದ ಅಗೆದ ಮೂಳೆಗಳ ವಿಷಯ ಹಾಗಿಲ್ಲ. 20ನೇ ಶತಮಾನದಲ್ಲಿ ಎಷ್ಟೋ ಚಿಪ್ಪಿನ ದಿಬ್ಬಗಳನ್ನು ರಸ್ತೆಗೆ ಹಾಕಲು ಅಗೆದು ಒಯ್ದರು. ಒಳಗಿದ್ದ ಮೂಳೆಗಳು ಮ್ಯೂಸಿಯಂ ಪೆಟ್ಟಿಗೆಗಳಿಗೆ ಹೋದವು. 1990ರ ಕಾನೂನಿನ ಪ್ರಕಾರ ಅಂಥವನ್ನು ವಾರಸುದಾರ ಬುಡಕಟ್ಟಿಗೆ ಹಿಂತಿರುಗಿಸಬೇಕು. ಆದರೆ ಅಯಿಸ್ ಎಂಬ ಬುಡಕಟ್ಟು ಸರ್ಕಾರದ ಪಟ್ಟಿಯಲ್ಲೇ ಇಲ್ಲ. ಅವರ ಪರವಾಗಿ ಕೇಳುತ್ತಿರುವವರು ಫ್ಲೋರಿಡಾದ ಸೆಮಿನೋಲ್ ಜನ. 18ನೇ ಶತಮಾನದಲ್ಲಿ ಉತ್ತರದಿಂದ ಬಂದ ಕ್ರೀಕರ ರಕ್ತವೂ ಅವರಲ್ಲಿದೆ. ಹಳಬರಲ್ಲಿ ಉಳಿದವರೂ ನಮ್ಮೊಳಗೇ ಸೇರಿದ್ದಾರೆ, ಅವರೂ ನಮ್ಮ ಪೂರ್ವಜರೇ ಎಂಬುದು ಸೆಮಿನೋಲರ ಮಾತು. ಫ್ಲೋರಿಡಾದಿಂದ ಒಯ್ದ ಸಾವಿರಕ್ಕೂ ಹೆಚ್ಚು ಜನರ ಅವಶೇಷಗಳನ್ನು ವಾಪಸ್ ಕೊಡಿ ಎಂದು ಅವರು ಅಮೆರಿಕದ ರಾಷ್ಟ್ರೀಯ ಮ್ಯೂಸಿಯಂಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆಯನ್ನು ವರ್ಷಗಟ್ಟಲೆ ಕೇಳಿದರು. 2020ರಲ್ಲಿ ಆ ಸಂಸ್ಥೆ ನಿಯಮ ಬದಲಿಸಿತು. ಇಂಥದೇ ಬುಡಕಟ್ಟು ಎಂದು ಗುರುತಿಸಲಾಗದ ಮೂಳೆಗಳನ್ನೂ ಈಗ ಹಿಂತಿರುಗಿಸಬಹುದು.