ಹಳೆಯ ಕಥೆ ಮುಗಿದು ಹೊಸ ಎಕ್ಸ್-ಮೆನ್ ಹುಟ್ಟಿದ್ದು

ಎಕ್ಸ್-ಮೆನ್ ಅಂದರೆ ಅಮೆರಿಕದ ಮಾರ್ವೆಲ್ ಕಂಪನಿಯ ಕಾಮಿಕ್, ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಇರುವ ನಾಯಕರ ತಂಡದ ಕಥೆ. ಅದರ 1975ರ 'ಜೈಂಟ್-ಸೈಜ್ ಎಕ್ಸ್-ಮೆನ್' ಮೊದಲ ಸಂಚಿಕೆಯ ಮುಖಪುಟ ನೋಡಿದರೆ ಸಾಕು, ವಿಷಯ ಅರ್ಥ ಆಗುತ್ತದೆ. ಹೊಸ ತಂಡ ಕಾಗದ ಹರಿದುಕೊಂಡು ಮುಂದೆ ನುಗ್ಗುತ್ತಿದೆ. ಹಳಬರು ಹಿಂದೆ ಗಾಬರಿಯಿಂದ ನೋಡುತ್ತಿದ್ದಾರೆ.

ಆ ಹಳಬರಿಗೆ ಐದು ವರ್ಷದಿಂದ ತಮ್ಮದೇ ಪುಸ್ತಕದಲ್ಲಿ ಹೊಸ ಕಥೆ ಇರಲಿಲ್ಲ. 1963ರಲ್ಲಿ ಸ್ಟ್ಯಾನ್ ಲೀ, ಜ್ಯಾಕ್ ಕರ್ಬಿ ಶುರು ಮಾಡಿದ ಈ ಕಾಮಿಕ್ ಜಾಸ್ತಿ ಮಾರಾಟ ಆಗದೆ 1970ರಲ್ಲಿ 66ನೇ ಸಂಚಿಕೆಗೆ ಹೊಸ ಕಥೆ ನಿಲ್ಲಿಸಿತು, ಆಮೇಲೆ 93ನೇ ಸಂಚಿಕೆಯವರೆಗೂ ಹಳೆಯ ಕಥೆಗಳನ್ನೇ ಮತ್ತೆ ಅಚ್ಚು ಹಾಕಿದರು. ಬೇರೆ ಬೇರೆ ದೇಶದ ನಾಯಕರ ತಂಡ ಕಟ್ಟಿದರೆ ಹೊರದೇಶಗಳಲ್ಲೂ ಮಾರಬಹುದು ಅನ್ನುವ ಲೆಕ್ಕಾಚಾರ ಮಾರ್ವೆಲ್ ಒಳಗೆ ಹುಟ್ಟಿತು. ಹಾಗೆ ಬಂದದ್ದೇ ಈ ಜೈಂಟ್-ಸೈಜ್ ಸಂಚಿಕೆ. ಬರೆದದ್ದು ಲೆನ್ ವೀನ್, ಚಿತ್ರ ಡೇವ್ ಕಾಕ್ರಮ್. 68 ಪುಟ, 50 ಸೆಂಟ್ ಬೆಲೆ.

ವ್ಯಾಪಾರದ ಲೆಕ್ಕದಿಂದ ಹುಟ್ಟಿದ್ದು ನಿಜ, ಆದರೆ ಮೊದಲ ಪುಟಗಳನ್ನು ಓದುವಾಗ ಅದು ನೆನಪಿಗೇ ಬರುವುದಿಲ್ಲ. ಜರ್ಮನಿಯ ಒಂದು ಊರಲ್ಲಿ ನೀಲಿ ಮೈಯ, ಬಾಲ ಇರುವ ಹುಡುಗನನ್ನು ಜನ ದೆವ್ವ ಅಂತ ಪಂಜು ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಅವನೇ ನೈಟ್‌ಕ್ರಾಲರ್. ಎಕ್ಸ್-ಮೆನ್ ತಂಡ ಕಟ್ಟಿದ ಪ್ರೊಫೆಸರ್ ಎಕ್ಸ್ ಅಲ್ಲಿಗೆ ಬಂದು ಅವನನ್ನು ಉಳಿಸುತ್ತಾರೆ. ಕೀನ್ಯಾದಲ್ಲಿ ಮಳೆ ತರುವ ಸ್ಟಾರ್ಮ್‌ಳನ್ನು ಜನ ದೇವತೆ ಅಂತ ಪೂಜಿಸುತ್ತಾರೆ, ಸೋವಿಯತ್ ಹೊಲದಲ್ಲಿ ಕೊಲೊಸಸ್ ಉಕ್ಕಿನ ಮೈಯಾಗಿ ಟ್ರಾಕ್ಟರ್‌ಗೆ ಅಡ್ಡ ನಿಂತು ತಂಗಿಯನ್ನು ಕಾಪಾಡುತ್ತಾನೆ. ಒಬ್ಬೊಬ್ಬರಿಗೂ ಎರಡು ಮೂರು ಪುಟ ಅಷ್ಟೆ, ಆದರೂ ಅವರ ಒಂಟಿತನ ನಮಗೆ ತಟ್ಟುತ್ತದೆ. ಈ ಸಂಚಿಕೆ ಇವತ್ತಿಗೂ ಉಳಿದಿರುವುದು ಇದರಿಂದಲೇ ಅಂತ ನನ್ನ ನಂಬಿಕೆ.

ಉಳಿದ ಅರ್ಧ ಅಷ್ಟು ಗಟ್ಟಿ ಇಲ್ಲ. ಕ್ರಕೋವಾ ಅನ್ನುವ ಜೀವಂತ ದ್ವೀಪ ಹಳೆಯ ತಂಡವನ್ನು ಹಿಡಿದಿಟ್ಟಿದೆ, ಹೊಸಬರು ಹೋಗಿ ಬಿಡಿಸುತ್ತಾರೆ, ಕೊನೆಗೆ ಹಳಬರಲ್ಲಿ ಒಬ್ಬಳಾದ ಪೊಲಾರಿಸ್‌ಳ ಕಾಂತಶಕ್ತಿಯಿಂದ ದ್ವೀಪವನ್ನೇ ಬಾಹ್ಯಾಕಾಶಕ್ಕೆ ಎಸೆಯುತ್ತಾರೆ. ಹೊಸ ತಂಡದಲ್ಲಿರುವ, ಅಮೆರಿಕದ ಮೂಲನಿವಾಸಿ ಅಪಾಚೆ ಬುಡಕಟ್ಟಿನ ಯುವಕ ಥಂಡರ್‌ಬರ್ಡ್‌ಗೆ ಸದಾ ಸಿಟ್ಟು ಬಿಟ್ಟರೆ ಬೇರೆ ಗುಣವೇ ಕೊಟ್ಟಿಲ್ಲ. ಅದು ನನಗೆ ತುಂಬಾ ಬೇಸರ ತರುತ್ತದೆ. ಹಿಂದಿನ ವರ್ಷ ಹಲ್ಕ್ ಕಾಮಿಕ್‌ನಲ್ಲಿ ಬಂದಿದ್ದ ವುಲ್ವರಿನ್‌ಗೂ ಇಲ್ಲಿ ದೊಡ್ಡ ಕೆಲಸ ಇಲ್ಲ.

ಹದಿಮೂರು ಎಕ್ಸ್-ಮೆನ್ ಇಟ್ಟುಕೊಂಡು ಏನು ಮಾಡುವುದು ಅನ್ನುವ ಪ್ರಶ್ನೆಯೊಂದಿಗೆ ಕಥೆ ಮುಗಿಯುತ್ತದೆ. ಉತ್ತರ ಕೊಟ್ಟದ್ದು ಅದೇ ವರ್ಷ ಮೂಲ ಎಕ್ಸ್-ಮೆನ್ ಕಾಮಿಕ್‌ನ 94ನೇ ಸಂಚಿಕೆಯಿಂದ ಬರೆಯಲು ಕೂತ ಕ್ರಿಸ್ ಕ್ಲೇರ್‌ಮಾಂಟ್. ಹಳೆಯ ತಂಡದ ನಾಯಕ ಸೈಕ್ಲಾಪ್ಸ್ ಒಬ್ಬನನ್ನು ಬಿಟ್ಟು ಉಳಿದ ಹಳಬರೆಲ್ಲ ಹೊರಟರು, ಹೊಸಬರಲ್ಲಿ ಜಪಾನಿನ ಸನ್‌ಫೈರ್ ಕೂಡ ಹೊರಟ. ಥಂಡರ್‌ಬರ್ಡ್ 95ರಲ್ಲೇ ಸತ್ತ. ಕ್ಲೇರ್‌ಮಾಂಟ್ ಮಾತ್ರ 1991ರವರೆಗೂ ಬರೆಯುತ್ತಲೇ ಇದ್ದರು.